ಹುಳಿ ಇಲ್ಲದ ಸಾರು

ಮೆಟುಚೆನ್, ನ್ಯೂಜೆರ್ಸಿ
ಭಾನುವಾರ, ೧೫ ಅಕ್ಟೋಬರ್ ೧೯೭೮

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ತ್ರಿಪುರ ಕೂತಲ್ಲಿಂದಲೇ ನಿಮ್ಮ ಕಾಲಿಗೆ ನಮಸ್ಕಾರ ಮಾಡಿ ಬರೆಯುತ್ತಿದ್ದೇನೆ. ಮೊದಲು ನಿಮ್ಮ ಮಂಡಿನೋವು ಹೇಗಿದೆ, ಅದನ್ನು ಹೇಳಿ. ದಸರೆಗೆ ಮುಂಚೆ ಭಾವನವರು ಬರೆದ ಕಾಗದದಲ್ಲಿ, ಅಮ್ಮ ಮೆಟ್ಟಿಲು ಹತ್ತಿಯೇ ಚಾಮುಂಡಿ ಬೆಟ್ಟಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾರೆ, ನೀವಾದರೂ ಬುದ್ಧಿ ಹೇಳಿ ಎಂದಿತ್ತು. ನಾನು ಹೇಳಿ ನೀವು ಕೇಳುವುದುಂಟೇ? ಬೆಟ್ಟ ಹತ್ತಿದಿರೋ, ಬಸ್ಸಿನಲ್ಲಿ ಹೋದಿರೋ ನಿಜ ಹೇಳಿಬಿಡಿ. ಕಣ್ಣಿಗೆ ಹಾಕಿಕೊಳ್ಳುವ ಔಷಧಿ ಮುಗಿಯುತ್ತಾ ಬಂದಿದ್ದರೆ ತಿಳಿಸಿ. ಎಡಿಸನ್ನಿನ ಕೇಶವಮೂರ್ತಿಯವರು, ಅದೇ ನಿಮಗೆ ದಿನಾ ಸಂಜೆ ಹಳೆಯ ಪತ್ರಿಕೆಗಳನ್ನು ತಂದುಕೊಡುತ್ತಿದ್ದರಲ್ಲ, ಅವರು ಡಿಸೆಂಬರಿನಲ್ಲಿ ಹೆಂಡತಿಯ ಜೊತೆ ಮೈಸೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತೇನೆ.

ಇಲ್ಲಿ ನವರಾತ್ರಿ ಚೆನ್ನಾಗಿಯೇ ನಡೆಯಿತು. ಪಟ್ಟದ ಗೊಂಬೆಗಳ ಪಕ್ಕದಲ್ಲಿ ನೀವು ಹೋದ ವರ್ಷ ಕೂರಿಸಿದ್ದ ಪ್ಲಾಸ್ಟಿಕ್ ಹಸುವನ್ನೇ ಈ ಸಲವೂ ಕೂರಿಸಿದೆ. ನೋಡಲು ಬಂದ ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ಅದನ್ನೇ ಹೊಗಳಿದರು. ಗೊಂಬೆಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಈ ಸಲ ಏರೋಗ್ರಾಮ್ ಬಿಟ್ಟು ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಆ ನೀಲಿ ಕಾಗದದಲ್ಲಿ ಹಿಡಿಸುವುದಿಲ್ಲ. ಇನ್ನೊಂದು ಮಾತು. ಈ ಕಾಗದದಲ್ಲಿ ಕೆಲವು ಕಡೆ ‘ಇವರು’ ಎಂದಿರುತ್ತದೆ, ಕೆಲವು ಕಡೆ ‘ನಿಮ್ಮ ಮಗ’ ಎಂದಿರುತ್ತದೆ. ಎಲ್ಲಿ ಯಾವುದು, ಯಾಕೆ ಎಂದು ನೀವು ಕೇಳಬಾರದು. ನಿಮ್ಮ ಅತ್ತೆಗೆ ಕಾಗದ ಬರೆಯುವಾಗ ನೀವೂ ಹೀಗೆಯೇ ಮಾಡುತ್ತಿದ್ದಿರಿ ಎಂದು ನೀವೇ ಹೇಳಿದ್ದೀರಿ.

ಸುದ್ದಿ ನಮ್ಮ ತೊರೆಯದು. ಪೆನ್ಸಿಲ್ವೇನಿಯಾದ ಸ್ಟೆಲ್ಲಾ ಮನೆಯ ಹಿಂದಿನ ತೊರೆ ನಮ್ಮದು ಹೇಗಾಯಿತು ಎಂದು ಇಲ್ಲಿಯ ಸ್ನೇಹಿತರು ಕೇಳುತ್ತಾರೆ. ನಮ್ಮ ಅತ್ತೆಯಿಂದ ಎಂದು ನಾನು ಹೇಳುತ್ತೇನೆ. ಅದು ಸುಳ್ಳಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ನೀವು ವಿಮಾನ ಹತ್ತಿದ್ದು ನನ್ನ ಬಾಣಂತನಕ್ಕೆ. ತಾಯಿಯಿಲ್ಲದ ಹುಡುಗಿ ದೂರದೇಶದಲ್ಲಿ ಒಬ್ಬಳೇ ಏನು ಮಾಡಿಯಾಳು ಎಂದು ಅಂಟಿನುಂಡೆಗೆ ಬೇಕಾದ ಸಾಮಾನು, ಓಮ, ಕೊಬ್ಬರಿ, ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಪುಟ್ಟ ಹೊದಿಕೆ ಎಲ್ಲವನ್ನೂ ಹೊತ್ತುಕೊಂಡು ಬಂದಿರಿ. ನೀವು ಬಂದಿಳಿಯುವ ಹೊತ್ತಿಗೆ ಮಗು ಉಳಿದಿರಲಿಲ್ಲ. ಇವರು ಅದನ್ನು ವಿಮಾನ ನಿಲ್ದಾಣದಲ್ಲಿಯೇ ಹೇಳಿದರಂತೆ. ನೀವು ಮನೆಗೆ ಬಂದು ಕೈಕಾಲು ತೊಳೆದುಕೊಂಡು ನನ್ನ ಮಂಚದ ಪಕ್ಕ ಕೂತು ‘ಊಟ ಮಾಡಿದ್ಯಾ?’ ಅಂತ ಒಂದೇ ಮಾತು ಕೇಳಿದಿರಿ. ಆ ಹೊದಿಕೆಯನ್ನು ಮಡಿಸಿ ಬೀರುವಿನ ಮೇಲಿನ ಅರೆಯಲ್ಲಿಟ್ಟಿರಿ. ಆಮೇಲೆ ಇದ್ದಷ್ಟು ದಿನವೂ ಆ ವಿಷಯ ಎತ್ತಲಿಲ್ಲ. ಬೇರೆ ಯಾರಾದರೂ ಎತ್ತಹೊರಟರೆ ಅವರಿಗೆ ಕಾಫಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಿರಿ. ಅದಕ್ಕೆ ನಾನು ನಿಮಗೆ ಎಂದೂ ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದಿರಿ.

ಆಗಸ್ಟಿನಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನ ಮಾಡಿಕೊಂಡು ವಾಪಸ್ಸು ಬರುವಾಗ ಬೆಟ್ಟದ ದಾರಿಯಲ್ಲಿ ನಮ್ಮ ಕಾರಿನ ರೇಡಿಯೇಟರ್ ಕುದಿದು ನಿಂತದ್ದು ನಿಮಗೆ ನೆನಪಿರಬೇಕು. ನೀರು ತರಲು ನಿಮ್ಮ ಮಗ ಬಕೆಟ್ ಹಿಡಿದು ಎದುರಿಗೆ ಕಂಡ ತೊರೆಗೆ ಇಳಿದರು. ಅಷ್ಟರಲ್ಲಿ ಒಬ್ಬ ಮುದುಕಿ ಏಪ್ರನ್ ಕಟ್ಟಿಕೊಂಡೇ ಓಡಿಬಂದು ‘ನೋ! ನೋ! ನಾಟ್ ದಟ್ ವಾಟರ್!’ ಎಂದು ಕೂಗಿದಳು. ಅವಳೇ ಸ್ಟೆಲ್ಲಾ. ಆ ನೀರು ಕಿತ್ತಲೆ ಹಣ್ಣಿನ ಬಣ್ಣಕ್ಕಿತ್ತು. ಕಲ್ಲುಗಳ ಮೇಲೆಲ್ಲ ತುಕ್ಕಿನಂಥ ಪದರ. ಮೇಲಿನ ಗುಡ್ಡದಲ್ಲಿ ಅವಳ ಗಂಡ ಕೆಲಸ ಮಾಡುತ್ತಿದ್ದ ಕಲ್ಲಿದ್ದಲ ಗಣಿಯಿತ್ತು. ಕಂಪನಿಯವರು ಅದನ್ನು ಮುಚ್ಚಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಅದರ ಬಾಯಿಂದ ನೀರು ಹರಿಯುವುದು ಮಾತ್ರ ನಿಂತಿರಲಿಲ್ಲ. ಇವರು ನಿಮಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ‘ಅಮ್ಮಾ, ಗಣಿಯೊಳಗಿನ ಗಂಧಕ ಸೇರಿ ನೀರು ಹುಳಿಯಾಗಿಬಿಟ್ಟಿದೆ. ಹುಣಸೆಹಣ್ಣಿನ ನೀರಿದ್ದ ಹಾಗೆ. ಮೀನು, ಹುಳ, ಒಂದೂ ಬದುಕಲ್ಲ.’ ಊರಿನ ಕೆಲವರು ಸೇರಿಕೊಂಡು ಶನಿವಾರ ಶನಿವಾರ ಸುಣ್ಣದ ಕಲ್ಲಿನ ಜಲ್ಲಿಯನ್ನು ಹೊತ್ತು ತೊರೆಗೆ ಹಾಕುತ್ತಿದ್ದಾರೆ, ಸುಣ್ಣ ಹುಳಿಯನ್ನು ಮುರಿಯುತ್ತದೆ ಎಂದು ಸ್ಟೆಲ್ಲಾ ಹೇಳಿದಳು. ನೀವು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ನಿಂತು, ‘ಬದರಿ, ಮುಂದಿನ ಶನಿವಾರ ನಾವೂ ಬರೋಣ ಕಣೋ. ಇವಳೂ ಬರಲಿ. ಮನೆಯಲ್ಲಿ ಗೋಡೆ ನೋಡ್ಕೊಂಡು ಕೂತಿರೋದು ಸಾಕು’ ಎಂದಿರಿ. ಅಷ್ಟು ದೂರ ಪ್ರತಿ ವಾರ ಡ್ರೈವ್ ಮಾಡೋಕ್ಕಾಗಲ್ಲ ಎಂದು ನಿಮ್ಮ ಮಗ ಗೊಣಗಿದ್ದೂ ನನಗೆ ನೆನಪಿದೆ.

ನೀವು ಇದ್ದಷ್ಟು ದಿನ ಕುರ್ಚಿ ಹಾಕಿಕೊಂಡು ದಂಡೆಯಲ್ಲಿ ಕೂತು, ಎಲ್ಲರಿಗೂ ಚಿತ್ರಾನ್ನ ಹಂಚಿ, ಸ್ಟೆಲ್ಲಾಗೆ ಕನ್ನಡದಲ್ಲಿಯೇ ನಿಮ್ಮ ಸಂಸಾರದ ಕಥೆಯನ್ನೆಲ್ಲ ಹೇಳಿದಿರಿ. ಅವಳು ತನ್ನದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಇಬ್ಬರಿಗೂ ಎಲ್ಲ ಅರ್ಥವಾಯಿತು ಎಂದು ಇಬ್ಬರೂ ಇವತ್ತಿಗೂ ಸಾಧಿಸುತ್ತೀರಿ. ತಾನು ಹುಟ್ಟಿದಾಗಿನಿಂದ ಈ ತೊರೆಯಲ್ಲಿ ಒಂದು ಮೀನನ್ನೂ ನೋಡಿಲ್ಲ ಎಂದು ಅವಳು ಹೇಳಿದ್ದನ್ನು ನಾನು ನಿಮಗೆ ತಿಳಿಸಿದ್ದೆ. ಹೊರಡುವ ದಿನ ನೀವು, ಅಡುಗೆಮನೆಯ ಪಕ್ಕದಲ್ಲಿ ಮೀನಿನ ಹೆಸರು ಬಂದರೂ ಮೂಗು ಮುಚ್ಚಿಕೊಳ್ಳುವ ನೀವು, ‘ಮೀನು ಬಂದ್ರೆ ನಂಗೆ ಕಾಗದ ಹಾಕು’ ಎಂದು ಹೇಳಿಹೋದಿರಿ. ಆ ಕಾಗದ ಇದು. ಆದರೆ ಮೀನಿಗೆ ಮುಂಚೆ ನಡೆದದ್ದನ್ನು ಹೇಳದೆ ನಾನು ಬಿಡುವವಳಲ್ಲ.

ನೀವು ಹೋದ ಮೇಲೂ ನಾವು ಬಿಡದೆ ಹೋದೆವು. ಹಿಮ ಬಿದ್ದ ತಿಂಗಳುಗಳನ್ನು ಬಿಟ್ಟರೆ ತಿಂಗಳಿಗೆ ಎರಡು ಸಲವಾದರೂ ತಪ್ಪಿಸಲಿಲ್ಲ. ಸೀರೆಯನ್ನು ಎತ್ತಿ ಕಟ್ಟಿ ಮಂಡಿಯವರೆಗಿನ ರಬ್ಬರ್ ಬೂಟು ಹಾಕಿಕೊಂಡ ನನ್ನ ಫೋಟೋ ಒಂದಿದೆ, ಅದನ್ನು ಮಾತ್ರ ಕಳಿಸುವುದಿಲ್ಲ. ಜಲ್ಲಿ ಹಾಕಿದರೆ ಕೆಲಸ ಮುಗಿಯುವುದಿಲ್ಲ ಅತ್ತೆ. ಸ್ವಲ್ಪ ದಿನಕ್ಕೇ ಪ್ರತಿ ಕಲ್ಲಿನ ಮೇಲೂ ಆ ತುಕ್ಕು ಮೆತ್ತಿಕೊಂಡು ಒಳಗಿನ ಸುಣ್ಣ ನೀರಿಗೆ ಸಿಗುವುದೇ ಇಲ್ಲ. ಅದಕ್ಕೇ ಎಲೆ ಗುಡಿಸುವ ಉದ್ದ ಹಿಡಿಯ ರೇಕ್ ತೆಗೆದುಕೊಂಡು ಕಲ್ಲುಗಳನ್ನು ಕೆದಕಿ, ಉಜ್ಜಿ, ಮಗುಚಿ ಹಾಕುತ್ತಿರಬೇಕು. ಗಂಡಸರಿಗೆ ಬಕೆಟ್ಟಿನಲ್ಲಿ ಹೊತ್ತು ಸುರಿಯುವುದೆಂದರೆ ಉತ್ಸಾಹ, ಮಗುಚುವುದೆಂದರೆ ಬೇಜಾರು. ಸ್ಟೆಲ್ಲಾ, ನಾನು, ಇನ್ನೆರಡು ಮೂರು ಹೆಂಗಸರು ಮಗುಚಿದೆವು. ಮೊದಮೊದಲು ನಾನು ಏನನ್ನೂ ಯೋಚಿಸದೆ ಮಗುಚುತ್ತಿದ್ದೆ. ಆಮೇಲಾಮೇಲೆ ಸ್ಟೆಲ್ಲಾ ಜೊತೆ ಮಾತು ಶುರುವಾಯಿತು. ಒಂದು ದಿನ ಜೋರಾಗಿ ನಕ್ಕೆ. ಇವರು ಬಕೆಟ್ ಕೆಳಗಿಟ್ಟು ನನ್ನ ಕಡೆ ತಿರುಗಿ ನೋಡಿದರು.

ಈ ಜಲ್ಲಿಯೆಲ್ಲ ಬಿಟ್ಟಿ ಬರುತ್ತಿದ್ದದ್ದು ಬಾಬ್ ರೀಸ್ ಎಂಬಾತನ ಕಲ್ಲುಕ್ವಾರಿಯಿಂದ. ನೀವು ಅವನನ್ನು ನೋಡಿದ್ದೀರಿ, ಕೆಂಪು ಮುಖದ ಎತ್ತರದ ಆಳು, ನಿಮ್ಮ ಚಿತ್ರಾನ್ನದ ಹಸಿಮೆಣಸಿನಕಾಯಿಯನ್ನು ಬೀನ್ಸ್ ಎಂದುಕೊಂಡು ಕಚ್ಚಿದವನು. ಅವನು ಮೊದಲೇ ಷರತ್ತು ಹಾಕಿದ್ದ: ಒಂದು ವರ್ಷ ಕಲ್ಲು ಕೊಡುತ್ತೇನೆ, ಸೆಪ್ಟೆಂಬರಿನಲ್ಲಿ ನೀರು ಅಳೆದು ತೋರಿಸಿ, ಸುಧಾರಿಸಿದ್ದರೆ ಇನ್ನೂ ಕೊಡುತ್ತೇನೆ, ಇಲ್ಲದಿದ್ದರೆ ನನ್ನ ಲಾರಿಗೆ ಬೇರೆ ಕೆಲಸವಿದೆ. ಅಳೆಯುವ ಜವಾಬ್ದಾರಿ ಇವರದು. ಗುಂಪಿನಲ್ಲಿ ಕೆಮಿಸ್ಟ್ ಎಂದರೆ ಇವರೊಬ್ಬರೇ. ಇವರ ಬಣ್ಣದ ಕಂಪನಿಯ ಲ್ಯಾಬಿನಲ್ಲಿ ಅದಕ್ಕೆ ಮೀಟರ್ ಇದೆ. ಏಳು ಎಂದು ತೋರಿಸಿದರೆ ಒಳ್ಳೆಯ ನೀರು, ಕೆಳಗೆ ಇಳಿದಷ್ಟೂ ಹುಳಿ. ಹೋದ ವರ್ಷ ಮೂರಿತ್ತು.

ಈಗ ಗಾಜಿನ ಬಾಟಲಿಗಳ ವಿಷಯ. ಪೀನಟ್ ಬಟರ್ ಮುಗಿದ ಬಾಟಲಿಗಳನ್ನು ನಾನು ಬಿಸಾಡುತ್ತಿದ್ದೆ. ‘ಇಂಥ ಬಾಟ್ಲಿ ಎಸೀತಾರೇನೇ!’ ಎಂದು ನೀವು ಒಂದೊಂದನ್ನೂ ತೊಳೆದು ಸಾಲಾಗಿ ಇಟ್ಟಿರಿ. ಫ್ರಿಜ್ಜು ಇರುವಾಗ ದಿನಾ ಯಾಕೆ ಹುಣಸೆಹಣ್ಣು ಕಿವುಚಬೇಕು, ವಾರಕ್ಕೆ ಒಂದೇ ಸಲ ರಸ ತೆಗೆದು ಬಾಟಲಿಯಲ್ಲಿ ಇಡು ಎಂದು ಹೇಳಿಕೊಟ್ಟವರೂ ನೀವೇ. ತೊರೆಯ ನೀರು ಹಿಡಿದು ತರಲು ನಿಮ್ಮ ಮಗ ಅದೇ ಸಾಲಿನಿಂದ ಬಾಟಲಿ ಎತ್ತಿಕೊಂಡು ಹೋದರು. ತಪ್ಪು ಯಾರದೆಂದು ಪಂಚಾಯಿತಿ ಕೂರಿಸಿದರೆ ನಿಮ್ಮ ಹೆಸರೂ ಬರುತ್ತದೆ, ಎಚ್ಚರಿಕೆ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನೀರು ಹಿಡಿದು ತಂದು, ಬಾಟಲಿಗೆ ಬಿಳಿಯ ಟೇಪ್ ಅಂಟಿಸಿ ತೊರೆಯ ಹೆಸರು ಬರೆದು ಫ್ರಿಜ್ಜಿನಲ್ಲಿ ಇಟ್ಟರು. ಅದರ ಪಕ್ಕದಲ್ಲಿಯೇ ನನ್ನ ಹುಣಸೆ ರಸದ ಬಾಟಲಿ. ಆ ವಾರ ನನಗೆ ಯಾಕೋ ಮೈಯಲ್ಲಿ ಸುಖವಿರಲಿಲ್ಲ, ಕಿವುಚಿದ್ದನ್ನು ಸೋಸದೆ ಹಿಪ್ಪೆ ಸಮೇತ ಹಾಗೆಯೇ ಇಟ್ಟುಬಿಟ್ಟಿದ್ದೆ. ತಣ್ಣಗಿನ ತೇವಕ್ಕೆ ಟೇಪ್ ಕಿತ್ತುಕೊಂಡು ಕೆಳಗೆ ಬಿದ್ದಿತ್ತು. ಸೋಮವಾರ ಬೆಳಗ್ಗೆ ನಿಮ್ಮ ಮಗ ಆಫೀಸಿಗೆ ಹೊರಡುವ ಅವಸರದಲ್ಲಿ ಫ್ರಿಜ್ಜು ತೆಗೆದು, ಎರಡು ಬಾಟಲಿಗಳನ್ನೂ ನೋಡಿ, ಯಾವುದು ಹೆಚ್ಚು ಕೊಳಕಾಗಿದೆಯೋ ಅದೇ ನಮ್ಮ ತೊರೆಯದು ಎಂದು ತೀರ್ಮಾನಿಸಿ ಟೇಪನ್ನು ಅದಕ್ಕೇ ಅಂಟಿಸಿದರು! ಸೆಪ್ಟೆಂಬರೆಂದರೆ ಇಲ್ಲಿ ಗಾಳಿಯ ತುಂಬ ಹೂವಿನ ಪುಡಿ, ಅವರಿಗೆ ಹೇ ಫೀವರ್. ಕಣ್ಣು ಕೆಂಪು, ಮೂಗು ಪೂರ್ತಿ ಕಟ್ಟಿತ್ತು. ಇಲ್ಲದಿದ್ದರೆ ಹುಟ್ಟಿದಾಗಿನಿಂದ ನಿಮ್ಮ ಕೈಯ ಸಾರು ಉಂಡವರಿಗೆ ಹುಣಸೆಹಣ್ಣಿನ ವಾಸನೆ ಗೊತ್ತಾಗುತ್ತಿರಲಿಲ್ಲವೇ? ಲ್ಯಾಬಿನಲ್ಲಿ ಊಟದ ಹೊತ್ತಿನಲ್ಲಿ ಅಳೆದರು. ಮೂರು. ಮತ್ತೆ ಅಳೆದರು, ಮತ್ತೂ ಅಳೆದರು. ಮೂರೇ.

ಸಂಜೆ ಮನೆಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ನಾನು ಒಗ್ಗರಣೆಯ ವಾಸನೆ ತಡೆಯಲಾರದೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು, ಫ್ರಿಜ್ಜಿನಲ್ಲಿ ಉಳಿದಿದ್ದ ಬಾಟಲಿಯಿಂದ ‘ರಸ’ ಸುರಿದು ಸಾರು ಕುದಿಸಿದೆ. ಸ್ವಲ್ಪ ತೆಳ್ಳಗೆ ಕಂಡಿತು, ಬೇಗ ಕಿವುಚಿದ್ದಕ್ಕೆ ಹೀಗಾಗಿದೆ ಎಂದುಕೊಂಡೆ. ನನಗೆ ಸಾರು ಸೇರಲಿಲ್ಲ, ಮೊಸರನ್ನ ತಿಂದೆ. ಅವರು ಒಂದು ತುತ್ತು ಬಾಯಿಗಿಟ್ಟು ‘ಹುಣಸೆಹಣ್ಣು ಮುಗಿದು ಹೋಯ್ತಾ? ಹುಳೀನೇ ಇಲ್ಲ’ ಎಂದರು. ನನಗೆ ಕೋಪ ಬಂತು. ವಾಸನೆ ಗೊತ್ತಾಗದ ಮೂಗು ಇಟ್ಟುಕೊಂಡು ನನ್ನ ಸಾರಿಗೆ ಹೆಸರಿಡುತ್ತೀರಾ ಎಂದೆ. ಪಾಪ, ಮೂರು ಸಲ ಹಾಕಿಸಿಕೊಂಡು ಉಂಡರು. ಮಾರನೆಯ ದಿನವೂ ಅದನ್ನೇ ಬಿಸಿ ಮಾಡಿ ಹಾಕಿದೆ.

ಆ ಶನಿವಾರ ಸ್ಟೆಲ್ಲಾ ಊರಿನ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಸಭೆ. ಇವರು ಎದ್ದು ನಿಂತು, ವರ್ಷದ ಕೆಲಸದಿಂದ ನೀರು ಸ್ವಲ್ಪವೂ ಬದಲಾಗಿಲ್ಲ ಎಂದು ಹೇಳಿದರು. ಸ್ಟೆಲ್ಲಾ ಮಾತ್ರ, ‘ಬದ್ರಿ, ಐ ಲಿವ್ ಬೈ ಇಟ್. ನನ್ನ ಕಣ್ಣಿಗೆ ತಿಳಿಯಾಗಿ ಕಾಣ್ತಿದೆ’ ಎಂದಳು. ನಿಮ್ಮ ಮಗ ಏನು ಹೇಳಬೇಕಿತ್ತು? ಇನ್ನೊಂದು ಸಲ ನೋಡೋಣ ಎನ್ನಬಹುದಿತ್ತು. ಕಣ್ಣು ಮೋಸ ಹೋಗುತ್ತದೆ, ಮೀಟರ್ ಮೋಸ ಹೋಗುವುದಿಲ್ಲ, ಮೂರು ಸಲ ಅಳೆದಿದ್ದೇನೆ ಎಂದು ಪಾಠ ಮಾಡಿದ ಹಾಗೆ ಹೇಳಿದರು. ಅವಳು ತಲೆಯಾಡಿಸಿ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಾಬ್ ರೀಸ್ ತನಗೂ ಬೇಸರವಾಗಿದೆ ಎಂದ. ಮುಂದಿನ ಶನಿವಾರ ಕೊನೆಯ ತೀರ್ಮಾನ ಹೇಳುತ್ತೇನೆ ಎಂದ. ಅದು ಏನಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ ಅತ್ತೆ. ತೊರೆಗೇಕೆ ಇಷ್ಟು ಅಳು ಎಂದು ಇವರು ಕೇಳಲಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಕರವಸ್ತ್ರ ಕೊಟ್ಟರು. ಅದರಲ್ಲೂ ಅವರದೇ ಮೂಗಿನ ನೀರು.

ಮಂಗಳವಾರ ಲ್ಯಾಬಿನಿಂದ ಆ ಬಾಟಲಿಯನ್ನು ವಾಪಸ್ಸು ತಂದು ಸಿಂಕಿನಲ್ಲಿ ಇಟ್ಟರು. ನಾನು ನೀರನ್ನು ಚೆಲ್ಲಿ ತೊಳೆಯಹೋದರೆ ತಳದಲ್ಲಿ ಏನೋ ಗಲಗಲ ಎಂದಿತು. ಕೈ ಹಾಕಿ ತೆಗೆದೆ. ಹುಣಸೆ ಬೀಜ! ಹೊಳೆಯುವ, ನುಣುಪಾದ, ನಮ್ಮೂರ ಹುಣಸೆ ಬೀಜ. ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಪೆನ್ಸಿಲ್ವೇನಿಯಾದ ಗುಡ್ಡದಲ್ಲಿ ಹುಣಸೆ ಮರ ಎಲ್ಲಿಂದ ಬರಬೇಕು? ಬಾಟಲಿಯ ಅಂಚಿಗೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟೆ. ಆಗ ಹಿಂದಿನ ವಾರದ ಸಾರು ನೆನಪಾಯಿತು ನೋಡಿ. ‘ರೀ, ಇಲ್ಲಿ ಬನ್ನಿ’ ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಬಂದರು. ಬೀಜ ತೋರಿಸಿದೆ. ಮೊದಲು ‘ಇಂಪಾಸಿಬಲ್’ ಎಂದರು. ಆಮೇಲೆ ತಾವೂ ಬೆರಳಿಟ್ಟು ನೆಕ್ಕಿದರು. ಆಮೇಲೆ, ನಂಬುತ್ತೀರೋ ಇಲ್ಲವೋ, ಪ್ಯಾಂಟು ಹಾಕಿಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು.

‘ಹಾಗಾದ್ರೆ ಸಾರಿಗೆ ಹಾಕಿದ್ದು?’ ಎಂದರು. ನಾನು ಹೂಂ ಎಂದೆ. ಗಣಿಯ ನೀರಿನ ಸಾರನ್ನು ಎರಡು ದಿನ ಉಂಡೆನಲ್ಲ ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡವರು, ತಟ್ಟನೆ ಎದ್ದು ನಿಂತರು. ‘ಹುಳೀನೇ ಇರ್ಲಿಲ್ಲ! ತ್ರಿಪುರಾ, ಆ ಸಾರಿನಲ್ಲಿ ಹುಳೀನೇ ಇರ್ಲಿಲ್ಲ!’ ತೊರೆಯ ನೀರು ಇನ್ನೂ ಮೊದಲಿನಂತೆಯೇ ಹುಳಿಯಾಗಿದ್ದರೆ ನನ್ನ ಸಾರು ಅಷ್ಟು ಸಪ್ಪೆಯಾಗುತ್ತಿತ್ತೇ? ಅವರು ಏನು ಮಾಡಿದರೆಂದು ನಿಮಗೆ ಬರೆಯುವಂತಿಲ್ಲ. ಕಿಟಕಿಗೆ ಪರದೆ ಇತ್ತೆಂದು ಮಾತ್ರ ಹೇಳುತ್ತೇನೆ.

ಖುಷಿ ಇಳಿದ ಮೇಲೆ ಭಯ ಹತ್ತಿತು. ಅಷ್ಟು ಜನರೆದುರು ಮೀಟರಿನ ಮೇಲೆ ಆಣೆ ಇಟ್ಟ ಹಾಗೆ ಮಾತನಾಡಿ, ಸ್ಟೆಲ್ಲಾಳ ಬಾಯಿ ಮುಚ್ಚಿಸಿ ಬಂದಿದ್ದರು. ಈಗ ಹೋಗಿ ನಾನು ಅಳೆದದ್ದು ಹುಣಸೆಹಣ್ಣನ್ನು ಎಂದು ಹೇಳುವುದು ಹೇಗೆ? ಅಲ್ಲಿ ನಾವಿಬ್ಬರೇ ಇಂಡಿಯಾದವರು. ಇವರನ್ನು ಇನ್ನು ಯಾವ ಮಾತಿಗೂ ನಂಬುವುದಿಲ್ಲ, ಹೋದಲ್ಲೆಲ್ಲ ನಗುತ್ತಾರೆ. ಮೀಟರ್ ಕೆಟ್ಟಿತ್ತು, ರಿಪೇರಿ ಮಾಡಿಸಿ ಮತ್ತೆ ಅಳೆದೆ ಎಂದರೆ ಮುಗಿಯುತ್ತಿತ್ತು. ಬುಧವಾರ ಸಂಜೆಯೆಲ್ಲ ಹಿಂದಿನ ಲಾನಿನಲ್ಲಿ ಅತ್ತಿಂದಿತ್ತ ಓಡಾಡಿದರು. ನಾನು ಹೇಳಿದರೆ ಹೆಂಡತಿಯ ಮಾತಿಗೆ ಮಾಡಿದ ಹಾಗಾಗುತ್ತದೆ, ಅವರೇ ತೀರ್ಮಾನಿಸಲಿ ಎಂದು ಸುಮ್ಮನಿದ್ದೆ. ಶುಕ್ರವಾರ ಶೂ ಪಾಲಿಶ್ ಮಾಡುತ್ತಾ ಕೂತಿದ್ದವರು ತಲೆ ಎತ್ತದೆ, ‘ಮೀಟರ್ ಸರಿಯಾಗೇ ಹೇಳ್ತು ಕಣೆ. ಪಾಪ, ಅದರ ಮೇಲ್ಯಾಕೆ ಹಾಕ್ಲಿ’ ಎಂದರು. ನಾನು ಒಳಗೆ ಹೋಗಿ ನೀವು ಕಳಿಸಿದ ಹುಣಸೆಹಣ್ಣಿನಲ್ಲಿ ಉಳಿದಿದ್ದ ಕೊನೆಯ ಉಂಡೆಯನ್ನು ಪೊಟ್ಟಣ ಕಟ್ಟಿದೆ. ಅವರು ಕೇಳಿರಲಿಲ್ಲ. ಬೇಕಾಗುತ್ತದೆಂದು ನನಗೆ ಗೊತ್ತಿತ್ತು.

ಅತ್ತೆ, ನೀವು ಆ ದಿನ ಅಲ್ಲಿ ಇರಬೇಕಿತ್ತು. ಇವರು ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಹುಣಸೆಹಣ್ಣು ಹಿಡಿದು ನಿಂತು ಟೇಪ್ ಬಿದ್ದದ್ದರಿಂದ ಹಿಡಿದು ಸಾರಿನವರೆಗೆ ಒಂದೂ ಬಿಡದೆ ಹೇಳಿದರು. ಕೊನೆಗೆ ಸ್ಟೆಲ್ಲಾ ಕಡೆ ತಿರುಗಿ, ಹೋದ ವಾರ ನಾನು ಆಡಿದ ಮಾತು ತಪ್ಪು, ಕ್ಷಮಿಸಿ ಎಂದರು. ಹುಣಸೆಹಣ್ಣು ಎಂದರೇನೆಂದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಸ್ಟೆಲ್ಲಾ ಎದ್ದು ಬಂದು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು, ಮೂಗು, ಬಾಯಿ ಎಲ್ಲ ಒಂದೇ ಕಡೆ ಬಂದು ಸೇರಿಕೊಂಡವು. ‘ಡಿಯರ್ ಲಾರ್ಡ್, ಇದನ್ನ ನೀವು ತಿಂತೀರಾ?’ ಎಂದಳು. ಬಾಬ್ ರೀಸ್‌ಗೆ ಅಷ್ಟರಲ್ಲಿ ಅರ್ಥವಾಗಿತ್ತು. ‘ಬದ್ರಿ, ಯು ಟೆಸ್ಟೆಡ್ ಯುವರ್ ಸೂಪ್?’ ಎಂದು ಶುರು ಮಾಡಿದವನು ಮೇಜು ಬಡಿದು ಬಡಿದು ನಕ್ಕ, ಎಲ್ಲರೂ ನಕ್ಕರು, ಪಾದ್ರಿಯೂ ನಕ್ಕರು. ಕೊನೆಗೆ ಇವರೂ ನಕ್ಕರು. ಹುಣಸೆಹಣ್ಣಿನ ಉಂಡೆ ಕೈಯಿಂದ ಕೈಗೆ ಹೋಗಿ ವಾಪಸ್ಸು ಬರಲೇ ಇಲ್ಲ.

ನಕ್ಕದ್ದು ಬೇರೆ, ಕಲ್ಲು ಕೊಡುವುದು ಬೇರೆ. ಬಾಬ್ ಕಣ್ಣು ಒರೆಸಿಕೊಂಡು, ‘ಓಕೆ. ಈಗ ನನ್ನ ಕಣ್ಣೆದುರಿಗೆ ಅಳೆ’ ಎಂದ. ಇವರು ಹೀಗಾಗಬಹುದೆಂದು ಮೇಲಿನವರ ಅನುಮತಿ ಪಡೆದು ಮೀಟರನ್ನೇ ಕಾರಿನಲ್ಲಿ ತಂದಿದ್ದರು. ಚರ್ಚಿನ ಇಳಿಜಾರಿನಿಂದ ಎಲ್ಲರೂ ತೊರೆಗೆ ನಡೆದೆವು, ದಿಬ್ಬಣದವರ ಹಾಗೆ. ನನಗೆ ಸ್ಟೆಲ್ಲಾ ಮಡಿಸುವ ಕುರ್ಚಿ ಹಾಕಿ ಕೂರಿಸಿದಳು. ಇವರು ನೀರಿಗೆ ಇಳಿದು ಮೀಟರಿನ ಕಡ್ಡಿ ಅದ್ದಿದರು. ಮುಳ್ಳು ನಡುಗುತ್ತಾ ನಡುಗುತ್ತಾ ಮೂರು ದಾಟಿತು, ನಾಲ್ಕು ದಾಟಿತು. ಐದರ ಹತ್ತಿರ ಸ್ವಲ್ಪ ನಿಂತಂತೆ ಆದಾಗ ನಾನು ನಿಮ್ಮ ಹೆಸರನ್ನೂ ಸೇರಿಸಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆರನ್ನು ದಾಟಿ ನಿಂತಿತು. ಬಾಬ್ ಕನ್ನಡಕ ಹಾಕಿಕೊಂಡು ತಾನೇ ಬಗ್ಗಿ ನೋಡಿದ, ಇನ್ನೆರಡು ಜಾಗದಲ್ಲಿ ಅಳೆಸಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡು, ಇನ್ನೊಂದು ವರ್ಷ ಕಲ್ಲು ನನ್ನದು, ಆದರೆ ಬಾಟಲಿ ಮಾತ್ರ ನಾನೇ ತರುತ್ತೇನೆ ಎಂದ. ಸ್ಟೆಲ್ಲಾ ಇವರ ಕೆನ್ನೆಗೆ ಮುತ್ತು ಕೊಟ್ಟಳು. ಅವರು ಕೆಂಪಗಾದದ್ದು ಹೇ ಫೀವರಿನಿಂದಲ್ಲ.

ಇನ್ನು ನೀವು ಕಾಯುತ್ತಿದ್ದ ಸುದ್ದಿ. ಹೋದ ಶನಿವಾರ ಬೆಳಗ್ಗೆ ನಾವಿನ್ನೂ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ಸ್ಟೆಲ್ಲಾ ಲಾಂಗ್ ಡಿಸ್ಟೆನ್ಸ್ ಕಾಲ್ ಮಾಡುವವಳೇ ಅಲ್ಲ, ಏನೋ ಕೆಟ್ಟದ್ದಾಗಿದೆ ಎಂದು ಹೆದರಿದೆ. ‘ಟೆಲ್ ಮಾಮಾ’ ಎಂದಳು, ಅವಳು ನಿಮ್ಮನ್ನು ಕರೆಯುವುದೇ ಹಾಗೆ. ‘ಮಾಮಾಗೆ ಹೇಳು, ಬಂದಿವೆ ಅಂತ.’ ಕಾಫಿಯನ್ನು ಅಲ್ಲಿಯೇ ಬಿಟ್ಟು ಹೊರಟೆವು. ಕೆಳಗೆ ಒಳ್ಳೆಯ ನೀರಿನ ಹಳ್ಳ ಬಂದು ಸೇರುತ್ತದಲ್ಲ, ಅಲ್ಲಿಂದ ಸ್ವಲ್ಪ ಮೇಲೆ, ಅವಳ ಮನೆಯ ಹಿಂದಿನ ಮಡುವಿನಲ್ಲಿ, ಬೆರಳುದ್ದದ ಕಪ್ಪು ಮೀನುಗಳು. ಅಲ್ಲಿಂದ ಮೇಲಕ್ಕೆ ನೀರು ಇನ್ನೂ ಸ್ವಲ್ಪ ಕಿತ್ತಲೆಯೇ, ಸುಳ್ಳು ಹೇಳುವುದಿಲ್ಲ. ಅಲ್ಲಿಗೂ ಅವು ಹೋಗಬೇಕಾದರೆ ಬಾಬ್‌ನ ಕಲ್ಲು ಇನ್ನೂ ಎಷ್ಟೋ ಲಾರಿ ಬೇಕು. ಆದರೆ ಇಲ್ಲಿಯವರೆಗೆ ಅವು ತಾವಾಗಿಯೇ ಈಜಿಕೊಂಡು ಬಂದಿವೆ, ಯಾರೂ ತಂದು ಬಿಟ್ಟದ್ದಲ್ಲ. ಸ್ಟೆಲ್ಲಾ ಏಪ್ರನ್ನಿನೊಳಗೆ ಎರಡು ಕೈಗಳನ್ನೂ ಸುತ್ತಿಕೊಂಡು ನಿಂತಿದ್ದಳು. ಬೆಳಗ್ಗೆಯಿಂದ ಮೂರು ಸಲ ಬಂದು ನೋಡಿದೆ, ಹೋಗಿಬಿಟ್ಟಾವು ಎಂದು ಭಯ ಎಂದಳು. ನಾವು ಮೂವರೂ ತುಂಬ ಹೊತ್ತು ನೋಡುತ್ತಾ ನಿಂತಿದ್ದೆವು. ನನಗೆ ಎಷ್ಟು ಸಂತೋಷವಾಯಿತೆಂದರೆ ನಿಮ್ಮ ಮಡಿಯನ್ನೂ ಮರೆತು ನಿಮ್ಮನ್ನು ತಬ್ಬಿಕೊಳ್ಳಬೇಕೆನಿಸಿತು.

ಭಾವನವರಿಗೆ, ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಭಜನೆಯ ಗುಂಪಿನವರಿಗೆ ತೊರೆಯ ಕಥೆ ಹೇಳಿದರೆ ಸಾರಿನ ಭಾಗವನ್ನು ಬಿಟ್ಟು ಹೇಳಿ, ನಾನು ಅಡುಗೆ ಕಲಿತದ್ದು ನಿಮ್ಮಿಂದ ಎಂದು ಅವರಿಗೆಲ್ಲ ಗೊತ್ತು. ಚಳಿ ಶುರುವಾಗುವ ಮೊದಲು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ನಮ್ಮಿಬ್ಬರ ಮೇಲೂ ನಿಮ್ಮ ಕೈ ಇರಲಿ.

ನಿಮ್ಮ ಸೊಸೆ
ತ್ರಿಪುರಸುಂದರಿ

ತಾ.ಕ: ಸೋಮವಾರ ಬೆಳಗ್ಗೆ. ಕಾಗದವನ್ನು ಅಂಚೆಗೆ ಹಾಕಲು ಇವರು ಕಾರು ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾರೆ, ಅದಕ್ಕೇ ಈ ಗೀಚು. ನೀವು ಕೇಳಿಹೋದ ಸುದ್ದಿ ಮೇಲೆ ಬರೆದಾಯಿತು. ನೀವು ಒಂದು ದಿನವೂ ಕೇಳದೆ ಹೋದ ಸುದ್ದಿ ಇದು: ಮೂರು ತಿಂಗಳು ತುಂಬಿತು. ಅಲ್ಲಿಯವರೆಗೆ ಯಾರಿಗೂ ಹೇಳಬಾರದೆಂದು ತಡೆದುಕೊಂಡಿದ್ದೆ. ಸ್ಟೆಲ್ಲಾ ತಾನಾಗಿಯೇ ಕಂಡುಹಿಡಿದಳು. ಶುಕ್ರವಾರ ಡಾಕ್ಟರು ಎಲ್ಲ ಸರಿಯಾಗಿದೆ ಎಂದರು, ಎದೆಬಡಿತವನ್ನೂ ಕೇಳಿಸಿದರು. ಕಬ್ಬಿಣದ ಅಂಶದ ಮಾತ್ರೆ ಕೊಟ್ಟಿದ್ದಾರೆ. ಆ ಸಾರನ್ನು ನೀನೇ ಉಂಡಿದ್ದರೆ ಮಾತ್ರೆ ಬೇಕಿರಲಿಲ್ಲ ಎಂದು ನಿಮ್ಮ ಮಗನ ತಮಾಷೆ. ಕೇಶವಮೂರ್ತಿಯವರು ಫೆಬ್ರವರಿಯಲ್ಲಿ ವಾಪಸ್ಸು ಹೊರಡುತ್ತಾರೆ, ಅವರ ಜೊತೆ ಬಂದುಬಿಡಿ. ಹೊದಿಕೆ ತರುವುದು ಬೇಡ, ನೀವು ಇಟ್ಟ ಅರೆಯಲ್ಲೇ ಇದೆ, ನಿನ್ನೆ ತೆಗೆದು ಬಿಸಿಲಿಗೆ ಹಾಕಿದ್ದೆ. ಹುಣಸೆಹಣ್ಣು ಮಾತ್ರ ಮರೆಯಬೇಡಿ, ಜಾಸ್ತಿಯೇ ತನ್ನಿ. ಒಂದು ಉಂಡೆ ಸ್ಟೆಲ್ಲಾಗೆ. ಉಳಿದದ್ದೆಲ್ಲ ನನಗೇ ಬೇಕು.